ಗಾಯ ವಾಸಿಯಾಯಿತು, ಕಲೆ ಉಳಿಯಿತು: ಪರಿಹಾರ ಕೇಳುವುದು ಹೇಗೆ?

ಕೆಲಸದಲ್ಲಿ ಸುಟ್ಟುಕೊಂಡವರು, ಮೆಷಿನ್‌ಗೆ ಕೈ ಕೊಟ್ಟವರು ಪರಿಹಾರಕ್ಕೆ ಅಲೆಯುವುದನ್ನು ನೋಡುತ್ತಲೇ ಇದ್ದೇನೆ. ಜಾಸ್ತಿ ಜನ ಎಡವುವುದು ಒಂದೇ ಕಡೆ. ಡಾಕ್ಟರ ಸರ್ಟಿಫಿಕೇಟಿನಲ್ಲಿ ‘ಗಾಯ ವಾಸಿಯಾಗಿದೆ, ಕಲೆ ಇದೆ’ ಅಂತಷ್ಟೇ ಇರುತ್ತದೆ.

ಮೊದಲು ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇದೆಯಾ ನೋಡಿ. ಇದ್ದರೆ ದಾರಿಯೇ ಬೇರೆ, ಅಲ್ಲಿ ಮೆಡಿಕಲ್ ಬೋರ್ಡ್ ತೀರ್ಮಾನಿಸುತ್ತದೆ. ಇಲ್ಲದವರು ಮುಂದೆ ಓದಿ.

ಅಪಘಾತದ ವಿಷಯವನ್ನು ಮಾಲೀಕರಿಗೆ ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಚಿಕಿತ್ಸೆಯ ಖರ್ಚು ಅವರದೇ, ಬಿಲ್ ಎಸೆಯಬೇಡಿ.

ಕಲೆ ಬಲಿಯಲು, ಅಂದರೆ ಬದಲಾಗುವುದು ನಿಂತು ಒಂದು ಸ್ಥಿತಿಗೆ ಬರಲು, ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ. ಬೆಳಕು ಓರೆಯಾಗಿ ಬಿದ್ದರೆ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಮಾಡಲೇಬೇಕು, ಅದು ಕಲೆಯನ್ನೇ ಒರೆಸಿಬಿಡುತ್ತದೆ. ‘ಏಳು ದಿನದಲ್ಲಿ ಕಲೆ ಮಾಯ’ ಅನ್ನುವ ಕ್ರೀಮುಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನು ಸರ್ಟಿಫಿಕೇಟು. ನಮ್ಮ ಕಾನೂನಿನಲ್ಲಿ ಕಲೆಗೆ ಅಂತ ಬೇರೆ ದರವಿಲ್ಲ. ಮುಖ ತೀರಾ ವಿಕಾರವಾದರೆ ಮಾತ್ರ ದುಡಿಯುವ ಶಕ್ತಿ ನೂರಕ್ಕೆ ನೂರು ಹೋಯಿತೆಂದೇ ಲೆಕ್ಕ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೀಗಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಆಗ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಅಂಕಿ 207.98.

ಕಲೆ ಬೇರೆ ಕಡೆ ಇದ್ದರೆ, ಅದರಿಂದ ದುಡಿಮೆ ಶೇಕಡಾ ಎಷ್ಟು ಕುಗ್ಗಿದೆ ಎಂದು ಡಾಕ್ಟರು ಬರೆಯಬೇಕು. ನೀವೇನು ಕೆಲಸ ಮಾಡುತ್ತೀರಿ ಅಂತ ಅವರಿಗೆ ಗೊತ್ತಿರುವುದಿಲ್ಲ, ಅಲ್ವಾ? ಎಷ್ಟು ಭಾರ ಎತ್ತುತ್ತೀರಿ, ಎಷ್ಟು ಹೊತ್ತು ಬೆಂಕಿಯ ಮುಂದೆ ನಿಲ್ಲುತ್ತೀರಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮೊಣಕೈ ಮಡಿಕೆಯಲ್ಲಿ ಸುಟ್ಟ ಚರ್ಮ ಬಿಗಿದುಕೊಂಡು ತೋಳು ಪೂರ್ತಿ ಚಾಚಲು ಆಗದಿದ್ದರೆ, ಎಷ್ಟು ಡಿಗ್ರಿಗೆ ನಿಲ್ಲುತ್ತದೆ ಎಂದು ಅಳತೆ ಮಾಡಿಸಿ ಬರೆಸಿ. ತೆಳುವಾಗಿ ತೆಗೆದು ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ. ಕುಲುಮೆ, ಬಾಯ್ಲರ್ ಹತ್ತಿರ ದುಡಿಯುವವರಿಗೆ ಇದೇ ದೊಡ್ಡ ತೊಂದರೆ. ಅದೂ ಸರ್ಟಿಫಿಕೇಟಿನಲ್ಲಿ ಬರಲಿ. ಸುಟ್ಟ ಗಾಯಕ್ಕೆ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ ಅನ್ನುವುದು ನನ್ನ ಖಡಾಖಂಡಿತ ಸಲಹೆ.

ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕಲೆ ಬಲಿಯುವವರೆಗೆ ಕಾದರೂ ಸಮಯ ಉಳಿಯುತ್ತದೆ, ಆದರೆ ತಾರೀಖು ಮರೆಯಬೇಡಿ. ಈ ನಡುವೆ ಮಾಲೀಕರು ಒಂದಿಷ್ಟು ಹಣ ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಅಂತ ಬರೆಸಿಕೊಳ್ಳಲು ಬಂದರೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೂ ಹೆದರಬೇಕಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುವ ಅಂಥ ಖಾಸಗಿ ಕರಾರನ್ನು ಕಾನೂನು ಒಪ್ಪುವುದಿಲ್ಲ. ಆ ಕಾಗದದ ಪ್ರತಿಯನ್ನೂ ಅರ್ಜಿಯ ಜೊತೆ ಇಡಿ.