ಮರಗಟ್ಟಿದ ಮೈಯಲ್ಲಿ ಜೀವವಿದೆಯೇ? ಪೊಟ್ಯಾಸಿಯಂ ಪರೀಕ್ಷೆ ಮಾಡುವ ಬಗೆ

1986ರ ಮೇ ತಿಂಗಳಲ್ಲಿ ಅಮೆರಿಕದ ಒರೆಗಾನ್‌ನ ಮೌಂಟ್ ಹುಡ್ ಪರ್ವತ ಹತ್ತಲು ಹೊರಟ ಶಾಲಾ ತಂಡವೊಂದು ಹಿಮಬಿರುಗಾಳಿಗೆ ಸಿಕ್ಕಿಕೊಂಡಿತು. ಹಿಮ ಕೊರೆದು ಗುಹೆ ಮಾಡಿಕೊಂಡು ಕೊನೆಯವರೆಗೂ ಒಳಗೇ ಉಳಿದವರಲ್ಲಿ ಬದುಕಿದ್ದು ಇಬ್ಬರೇ. ಆ ದುರಂತದ ರೋಗಿಗಳ ದಾಖಲೆಗಳನ್ನು ವೈದ್ಯರು ಮರುವರ್ಷ ಪ್ರಕಟಿಸಿದಾಗ ಒಂದು ಸಂಗತಿ ಎದ್ದು ಕಂಡಿತು: ರಕ್ತದ ಪೊಟ್ಯಾಸಿಯಂ ವಿಪರೀತ ಏರಿದ್ದವರು ಉಳಿದಿರಲಿಲ್ಲ. 1990ರಲ್ಲಿ ಸ್ವಿಟ್ಜರ್ಲೆಂಡ್‌ನ ವೈದ್ಯರೂ ಇದನ್ನೇ ಹೇಳಿದರು. ಚಳಿಯಲ್ಲಿ ಹೆಪ್ಪುಗಟ್ಟಿದಂತಿರುವ, ನಾಡಿ ಸಿಗದ ವ್ಯಕ್ತಿಗೆ ಎದೆ ಒತ್ತುವುದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸುವಾಗ ಜಗತ್ತಿನ ಪರ್ವತ ವೈದ್ಯರು ಇವತ್ತಿಗೂ ನೋಡುವುದು ಈ ಸಂಖ್ಯೆಯನ್ನು.

ಪೊಟ್ಯಾಸಿಯಂನ ಬಹುಪಾಲು ಇರುವುದು ಜೀವಕೋಶಗಳ ಒಳಗೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸರಿ. (ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಎಂಇಕ್ಯೂ ಎಂದು ಇರುತ್ತದೆ; ಪೊಟ್ಯಾಸಿಯಂ ಮಟ್ಟಿಗೆ ಎರಡೂ ಒಂದೇ.) ಬರೀ ಚಳಿ ಹಿಡಿದರೆ ಈ ಮಟ್ಟ ಸಾಮಾನ್ಯವಾಗಿ ಇಳಿಯುತ್ತದೆ. ಆದ್ದರಿಂದ ತಣ್ಣಗಾದ ಮೈಯಲ್ಲಿ ಪೊಟ್ಯಾಸಿಯಂ ತೀರಾ ಏರಿದೆ ಎಂದರೆ ಮೈ ತಣ್ಣಗಾಗುವ ಮೊದಲೇ ಆಮ್ಲಜನಕ ಸಿಗದೆ ಜೀವಕೋಶಗಳು ಒಡೆದಿರಬಹುದು ಎಂಬ ಅನುಮಾನ ಬರುತ್ತದೆ. ಮೊದಲು ತಣ್ಣಗಾಗಿ ಆಮೇಲೆ ಉಸಿರು ನಿಂತವರ ಕತೆಯೇ ಬೇರೆ. 1999ರಲ್ಲಿ ನಾರ್ವೆಯ ನಾರ್ವಿಕ್ ಬಳಿ ತೊರೆಯ ಮಂಜುಗಡ್ಡೆಯಡಿ ಸಿಕ್ಕಿಬಿದ್ದ 29ರ ವೈದ್ಯೆಯೊಬ್ಬರು ಹೊರಬಂದದ್ದು ಸುಮಾರು 80 ನಿಮಿಷಗಳ ನಂತರ. ದೇಹದ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಷ್ಟು ಹೊತ್ತಿನಲ್ಲಿ ಅರ್ಧದಷ್ಟು ಸಮಯ ಅವರಿಗೆ ಮಂಜಿನ ಕೆಳಗಿನ ಗಾಳಿ ಸಿಕ್ಕಿತ್ತು. ಟ್ರೊಮ್ಸೊ ಆಸ್ಪತ್ರೆಯಲ್ಲಿ ಹೃದಯ–ಶ್ವಾಸಕೋಶ ಯಂತ್ರದ ಮೂಲಕ ಅವರ ರಕ್ತವನ್ನು ಬಿಸಿ ಮಾಡಲಾಯಿತು. ಬದುಕಿದರು, ಕೆಲಸಕ್ಕೂ ಮರಳಿದರು.

ಮೊದಲು ಉಷ್ಣತೆ, ಆಮೇಲೆ ಸೂಜಿ

ಮನೆಯ ಥರ್ಮಾಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಷ್ಟು ಕೆಳಗಿನ ಉಷ್ಣತೆಯನ್ನು ಅದು ತೋರಿಸುವುದೇ ಇಲ್ಲ. ಉಸಿರಾಟದ ನಳಿಗೆ ಹಾಕಿದ ರೋಗಿಗೆ ಅನ್ನನಾಳದ ಕೆಳಭಾಗದವರೆಗೆ ಉಷ್ಣತೆ ಅಳೆಯುವ ಪ್ರೋಬ್ ಇಳಿಸಿ ನೋಡಬೇಕು. 28 ಡಿಗ್ರಿಗಿಂತ ಕೆಳಗಿದ್ದರೆ ಅದು ತೀವ್ರ ಹೈಪೊಥರ್ಮಿಯಾ, ಅಂದರೆ ಮೈ ಅಪಾಯದ ಮಟ್ಟಕ್ಕೆ ತಣ್ಣಗಾದ ಸ್ಥಿತಿ. ಈ ಹಂತದಲ್ಲಿ ನಾಡಿ ತೀರಾ ನಿಧಾನ, ಆದ್ದರಿಂದ ಒಂದು ನಿಮಿಷದವರೆಗೂ ಹುಡುಕಬೇಕು. ರೋಗಿಯನ್ನು ಎತ್ತಿ ಹಾಕುವುದು, ಹೊರಳಿಸುವುದು ಎಲ್ಲವೂ ಮೆಲ್ಲಗೆ. ಒರಟಾಗಿ ಅಲುಗಿಸಿದರೆ ಹೃದಯ ಲಯ ತಪ್ಪಿಬಿಡಬಹುದು.

ರಕ್ತ ತೆಗೆಯುವುದು

ಎಡವುವುದು ಇಲ್ಲೇ. ಕೈಕಾಲಿನ ರಕ್ತನಾಳಗಳು ಚಳಿಗೆ ಸೆಟೆದುಕೊಂಡಿರುತ್ತವೆ. ಸಣ್ಣ ಸೂಜಿ ಚುಚ್ಚಿ, ಸಿರಿಂಜನ್ನು ಜೋರಾಗಿ ಎಳೆದು, ಹೇಗೋ ಎರಡು ಮಿ.ಲೀ. ತೆಗೆದರೆ ದಾರಿಯಲ್ಲೇ ಕೆಂಪು ರಕ್ತಕಣ ಒಡೆದು ಅದರೊಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಟೂರ್ನಿಕೆಟ್ (ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿ) ಬಿಗಿದು ಬಹಳ ಹೊತ್ತು ಬಿಟ್ಟರೂ ಸಂಖ್ಯೆ ಏರಬಹುದು. ತೊಡೆಸಂದಿನ ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳ, ಇಲ್ಲವೇ ಅಪಧಮನಿಯಿಂದ ನಿಧಾನವಾಗಿ ತೆಗೆಯುವುದು ಒಳ್ಳೆಯದು. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆಯಬಾರದು.

ಟ್ಯೂಬ್ ತುಂಬುವ ಕ್ರಮವೂ ಮುಖ್ಯ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಡಿಟಿಎ ಲವಣದಲ್ಲೇ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಪರೀಕ್ಷೆಯ ಟ್ಯೂಬ್ ತುಂಬಿದ ಮೇಲೆಯೇ ಅದನ್ನು ತುಂಬಬೇಕು. ಅದರಿಂದ ಒಂದು ಹನಿಯನ್ನೂ ಇನ್ನೊಂದು ಟ್ಯೂಬಿಗೆ ಬಗ್ಗಿಸಬಾರದು. ಪೊಟ್ಯಾಸಿಯಂ ಹದಿನಾಲ್ಕು, ಕ್ಯಾಲ್ಸಿಯಂ ಪಾತಾಳಕ್ಕೆ ಎಂಬಂಥ ರಿಪೋರ್ಟ್ ಬಂದರೆ ರೋಗಿಯ ಬಗ್ಗೆ ತೀರ್ಮಾನಿಸುವ ಮೊದಲು ಟ್ಯೂಬನ್ನು ಸಂಶಯಿಸಿ.

ಇನ್ನೊಂದು ವಿಚಿತ್ರ: ಸ್ಯಾಂಪಲ್ಲನ್ನು ಐಸ್ ಮೇಲೆ ಇಡಬಾರದು. ಪೊಟ್ಯಾಸಿಯಂ ಅನ್ನು ಒಳಗೆ ಎಳೆದಿಟ್ಟುಕೊಳ್ಳುವ ಕೋಶದ ಪಂಪು ಚಳಿಗೆ ಸೋಲುತ್ತದೆ, ಟ್ಯೂಬಿನೊಳಗೇ ಮಟ್ಟ ಏರತೊಡಗುತ್ತದೆ.

ಬೇಗ ಉತ್ತರ ಬೇಕೆಂದರೆ ಐಸಿಯು ಪಕ್ಕದ ಎಬಿಜಿ ಯಂತ್ರವೇ (ಅಪಧಮನಿ ರಕ್ತದ ಅನಿಲಗಳನ್ನು ಅಳೆಯುವ ಯಂತ್ರ) ಸರಿ, ಕೆಲವೇ ನಿಮಿಷದಲ್ಲಿ ಸಂಖ್ಯೆ ಕೊಡುತ್ತದೆ. ಆದರೆ ಅದು ಇಡೀ ರಕ್ತವನ್ನು ಅಳೆಯುವುದರಿಂದ ಕಣಗಳು ಒಡೆದಿವೆಯೋ ಇಲ್ಲವೋ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಜತೆಗೇ ಇನ್ನೊಂದು ಸ್ಯಾಂಪಲ್ ಲ್ಯಾಬಿಗೆ ಹೋಗಲಿ. ಅಲ್ಲಿ ಟ್ಯೂಬನ್ನು ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿದಾಗ ಮೇಲೆ ಉಳಿಯುವ ದ್ರವ ಕೆಂಪಾಗಿದ್ದರೆ ಆ ಸಂಖ್ಯೆಯನ್ನು ನಂಬಬಾರದು. ಜೀವ ನಿರ್ಧರಿಸುವ ಸಂಖ್ಯೆಯನ್ನು ಒಂದೇ ಟ್ಯೂಬಿನ ಮೇಲೆ ನಿಲ್ಲಿಸುವುದು ನನಗಂತೂ ಒಪ್ಪಿಗೆಯಿಲ್ಲ. ಬೇರೆ ಜಾಗದಿಂದ ಎರಡನೇ ಬಾರಿ ತೆಗೆಯಲಿ.

ಸಂಖ್ಯೆ ಬಂದ ಮೇಲೆ

"ಮೈ ಬೆಚ್ಚಗಾದ ಮೇಲೂ ಏಳದಿದ್ದರೆ ಮಾತ್ರ ಸತ್ತಿದ್ದಾರೆ ಎನ್ನಿ" ಎಂಬುದು ಪರ್ವತ ವೈದ್ಯರ ಹಳೆಯ ಮಾತು. ಅದಕ್ಕೆ ಮಿತಿ ಹಾಕುವುದು ಪೊಟ್ಯಾಸಿಯಂ. ಹೃದಯ ನಿಂತ ರೋಗಿಯಲ್ಲಿ ಅದು 12 ದಾಟಿದ್ದರೆ ಪ್ರಯತ್ನ ನಿಲ್ಲಿಸುವ ಬಗ್ಗೆ ಯೋಚಿಸಲಾಗುತ್ತದೆ. ಹಿಮಪಾತದಡಿ ಸಿಲುಕಿದವರಿಗೆ ಯುರೋಪಿನ 2021ರ ಮಾರ್ಗಸೂಚಿ ಈ ಮಿತಿಯನ್ನು ಇನ್ನೂ ಕೆಳಗೆ, 7ರಲ್ಲಿ ಇಟ್ಟಿದೆ, ಏಕೆಂದರೆ ಅಲ್ಲಿ ಚಳಿಗಿಂತ ಮೊದಲು ಉಸಿರುಗಟ್ಟುವ ಸಾಧ್ಯತೆಯೇ ಹೆಚ್ಚು. 12ರ ಹತ್ತಿರ ಹೋಗಿಯೂ ಬದುಕಿದ ಮಗುವಿನ ವರದಿ ಇದೆ, ಅಂದರೆ ಗಡಿ ಹತ್ತಿರವಾದಂತೆ ಅವಸರ ಕೂಡದು. ಪುಡಿಯಾದ ಸ್ನಾಯು, ಅರಿವಳಿಕೆಯಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್, ಮೊದಲೇ ಕೆಟ್ಟ ಕಿಡ್ನಿ, ಇವೆಲ್ಲ ಬೇರೆ ಕಾರಣಕ್ಕೂ ಸಂಖ್ಯೆ ಏರಿಸುತ್ತವೆ. ಹೀಗಾಗಿ ಈಗ ಹೋಪ್ ಎಂಬ ಲೆಕ್ಕಾಚಾರ ಬಂದಿದೆ. ವಯಸ್ಸು, ಲಿಂಗ, ಉಷ್ಣತೆ, ಪೊಟ್ಯಾಸಿಯಂ, ಸಿಪಿಆರ್ (ಎದೆ ಒತ್ತುವುದು) ನಡೆದ ಅವಧಿ, ಉಸಿರುಗಟ್ಟಿತ್ತೋ ಇಲ್ಲವೋ ಎಂಬ ಆರನ್ನೂ ಸೇರಿಸಿ ಅದು ಬದುಕುವ ಸಾಧ್ಯತೆ ಹೇಳುತ್ತದೆ. ಶೇ 10ಕ್ಕಿಂತ ಕಡಿಮೆ ಬಂದರೆ ಹೃದಯ–ಶ್ವಾಸಕೋಶದ ಕೆಲಸ ಮಾಡುವ ಎಕ್ಮೊ ಯಂತ್ರಕ್ಕೆ ಸಾಮಾನ್ಯವಾಗಿ ಹಾಕುವುದಿಲ್ಲ.

ಇನ್ನು, ಪೊಟ್ಯಾಸಿಯಂ ಕಡಿಮೆ ಬಂತೆಂದು ಡ್ರಿಪ್ಪಿನಲ್ಲಿ ಧಾರಾಳವಾಗಿ ಸುರಿಯಬಾರದು. ಮೈ ಬಿಸಿಯಾಗುತ್ತ ಹೋದಂತೆ ಅದು ತಾನಾಗಿ ಮೇಲೇರುತ್ತದೆ. ಬೆಚ್ಚಗಾಗಿಸುವಾಗ ಪದೇ ಪದೇ ಪರೀಕ್ಷಿಸುತ್ತಿರಬೇಕು.

ಲ್ಯಾಬ್ ಹೇಳಲಾರದ ಮಾಹಿತಿ ಜತೆಗಿದ್ದವರ ಬಳಿ ಇರುತ್ತದೆ. 2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಕಳೆದೂ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಹಾದಿಯಲ್ಲಿ ಬಿರುಗಾಳಿಗೆ ಸಿಕ್ಕಿ ಜೀವ ಕಳೆದುಕೊಂಡ ಬೆಂಗಳೂರು ತಂಡದ 9 ಮಂದಿ ನಮಗೆ ನೆನಪಿದ್ದಾರೆ. ಹಿಮಾಲಯಕ್ಕೆ ಹೋಗುವ ಕನ್ನಡಿಗರೂ ಈಗ ಕಡಿಮೆಯಿಲ್ಲ. ಜತೆಗಾರ ಬಿದ್ದರೆ ಚೀಟಿಯಲ್ಲಿ ಬರೆದು ಆಂಬುಲೆನ್ಸಿನವರ ಕೈಗೆ ಕೊಡಿ: ಹಿಮದಡಿ ಎಷ್ಟು ಹೊತ್ತು ಇದ್ದರು, ತೆಗೆದಾಗ ಬಾಯಿ–ಮೂಗಿನಲ್ಲಿ ಹಿಮ ತುಂಬಿತ್ತೇ, ಮುಖದ ಮುಂದೆ ಗಾಳಿಗೆ ಜಾಗವಿತ್ತೇ, ಉಸಿರು ನಿಂತದ್ದು ಎಷ್ಟು ಗಂಟೆಗೆ, ಎದೆ ಒತ್ತಲು ಶುರು ಮಾಡಿದ್ದು ಎಷ್ಟು ಗಂಟೆಗೆ.