ಎಣ್ಣೆ ಬಿಟ್ಟ ಮೇಲೆ ನಿದ್ದೆ ಬರ್ತಿಲ್ವಾ? ಮೊದಲು ಹಾಸಿಗೆಯಲ್ಲಿ ಹೊರಳಾಡೋದು ಬಿಡಿ

ಕುಡಿಯೋದು ಬಿಟ್ಟ 9ನೇ ರಾತ್ರಿ. ರಾಯಚೂರು, ಮೇ ತಿಂಗಳು. ಮಾಳಿಗೆ ಮೇಲೆ ನವಾರದ ಮಂಚ ಹಾಕಿಕೊಂಡು ಬಿದ್ದಿದ್ದೆ. ರಾತ್ರಿ ಒಂದು ಗಂಟೆಯಾದರೂ ಕೆಳಗಿನ ಸಿಮೆಂಟು ಆರಿರಲಿಲ್ಲ, ಕಾಲಿಟ್ಟರೆ ರೊಟ್ಟಿ ಹಂಚಿನ ಮೇಲೆ ಇಟ್ಟ ಹಾಗೆ. ಸ್ಟೇಷನ್ ಕಡೆಯಿಂದ ಗೂಡ್ಸ್ ಗಾಡಿಯ ಸದ್ದು. ಹನ್ನೊಂದು ಗಂಟೆಯಿಂದ ಎಣಿಸುತ್ತಾ ಇದ್ದೆ, ಅದು ಏಳನೆಯದು. ಮುಂಬೈ–ಚೆನ್ನೈ ಲೈನು ಅಲ್ವಾ, ರಾತ್ರಿಯಿಡೀ ಗಾಡಿಗಳಿಗೆ ಬರ ಇಲ್ಲ. ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಒಂದು ನೈಂಟಿ ಹಾಕಿದ್ದರೆ ಇಷ್ಟೊತ್ತಿಗೆ ಗೊರಕೆ ಹೊಡೆಯುತ್ತಿದ್ದೆ.

ಇದಕ್ಕೂ ಮೊದಲು ಎರಡು ಸಲ ಬಿಟ್ಟು ಎರಡು ಸಲವೂ ವಾಪಸ್ ಹೋಗಿದ್ದೆ. ಆಸೆಯಿಂದ ಹೋಗಿದ್ದಲ್ಲ, ಗೆಳೆಯರ ಒತ್ತಾಯಕ್ಕೂ ಅಲ್ಲ. ನಿದ್ದೆಗೋಸ್ಕರ. ಮೂರನೇ ಸಲ ಏನು ಬೇರೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರು ಹೇಳಿದ್ದು, ನಾನು ಮಾಡಿ ನೋಡಿದ್ದು, ಎರಡೂ ಸೇರಿದೆ.

ಮೊದಲು ಗಂಭೀರವಾದ ಮಾತು. ನೀವು ದಿನಾ ಕುಡಿಯುವವರಾಗಿದ್ದು, ಬೆಳಿಗ್ಗೆ ಎದ್ದಕೂಡಲೇ ಕೈ ನಡುಗಿ ಒಂದು ಹನಿ ಬೇಕು ಅನ್ನಿಸುವ ಹಂತದಲ್ಲಿದ್ದರೆ, ಈ ಬರಹ ಓದಿಕೊಂಡು ಇವತ್ತೇ ಒಬ್ಬರೇ ಬಿಡಬೇಡಿ. ಡಾಕ್ಟರ ಹತ್ತಿರ ಹೋಗಿ ಬಿಡಿ. ಕೊನೆಯ ಪೆಗ್ ಆದ ಆರೆಂಟು ಗಂಟೆಗೆ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ, ತಾನು ಎಲ್ಲಿದ್ದೇನೆ ಅನ್ನೋದೇ ಗೊತ್ತಾಗುವುದಿಲ್ಲ. ನಮ್ಮ ಕಡೆ ಇದನ್ನು ‘ಗಾಳಿ ಹಿಡಿದಿದೆ’ ಅಂತ ತಾಯತ ಕಟ್ಟಿಸೋಕೆ ಕರೆದುಕೊಂಡು ಹೋಗುತ್ತಾರೆ. ಗಾಳಿ ಅಲ್ಲ ಅದು, ಜೀವ ಹೋಗುವ ಸ್ಥಿತಿ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಸೇರಿಸಬೇಕು.

ಇನ್ನೊಂದು, ಇದು ನಮ್ಮ ಗಡಿ ಭಾಗದವರಿಗೆ. ಸಿಎಚ್ ಪೌಡರ್ ಕಲಸಿದ ಸೇಂದಿ ಕುಡಿದು ಅಭ್ಯಾಸ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಆ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ಕೆಮಿಕಲ್. ಕೆಲವು ಕಡೆ ನಿದ್ದೆ ಮಾತ್ರೆಯನ್ನೂ ಅರೆದು ಹಾಕುತ್ತಾರೆ. ಹೀಗಿರುವಾಗ ನೀವು ಬಿಡುತ್ತಿರುವುದು ಸೇಂದಿಯನ್ನಷ್ಟೇ ಅಲ್ಲ, ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳಿ. ನಾಚಿಕೆ ಪಟ್ಟುಕೊಂಡರೆ ಕೊಡುವ ಔಷಧಿ ಲೆಕ್ಕ ತಪ್ಪುತ್ತದೆ.

ಈಗ ನಿದ್ದೆಗೆ ಬರೋಣ. ಯಾಕೆ ಬರುವುದಿಲ್ಲ? ನನಗೆ ಡಾಕ್ಟರು ಲಾರಿ ಲೆಕ್ಕದಲ್ಲಿ ಹೇಳಿದರು. ಎಣ್ಣೆ ಮಿದುಳಿನ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಬ್ರೇಕ್ ಒತ್ತಿಯೇ ಇದ್ದರೆ, ಗಾಡಿ ಮುಂದೆ ಹೋಗಲಿ ಅಂತ ಮಿದುಳು ಆಕ್ಸಿಲರೇಟರನ್ನು ಜೋರಾಗಿ ಒತ್ತುವುದನ್ನು ಕಲಿಯುತ್ತದೆ. ಒಂದು ದಿನ ಎಣ್ಣೆ ನಿಂತಿತು, ಬ್ರೇಕ್ ಮೇಲಿನ ಕಾಲು ಹೋಯಿತು. ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇದೆ. ಎದೆ ಡವಡವ, ಕಣ್ಣು ಪಿಳಿಪಿಳಿ, ಪಕ್ಕದ ಮನೆಯ ನಾಯಿ ಕೆಮ್ಮಿದರೂ ಎಚ್ಚರ. ಆ ಕಾಲು ಮೆಲ್ಲಗೆ ಮೇಲೆ ಬರೋಕೆ ಟೈಮ್ ಬೇಕು. ಮೊದಲ ವಾರ ಕೆಟ್ಟದ್ದು, ಆಮೇಲೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಸುಧಾರಿಸುತ್ತದೆ, ಆದರೆ ಕೆಲವರಿಗೆ ಪೂರ್ತಿ ಸರಿಹೋಗೋಕೆ ತಿಂಗಳುಗಳೇ ಹಿಡಿಯುತ್ತವೆ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಹಿಂದಿನ ಎರಡು ಸಲ ಹತ್ತನೇ ದಿನಕ್ಕೆ ಸೋಲುತ್ತಿರಲಿಲ್ಲ.

ಕುಡಿದಾಗ ಬರುತ್ತಿದ್ದದ್ದು ಒಳ್ಳೆ ನಿದ್ದೆಯೇನೂ ಅಲ್ಲ. ನೆನಪು ಮಾಡಿಕೊಳ್ಳಿ. ಹತ್ತಕ್ಕೆ ಬಿದ್ದರೆ ಮೂರಕ್ಕೆ ಎಚ್ಚರ, ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿರುತ್ತಿತ್ತು, ಆಮೇಲೆ ಬೆಳಗಾಗುವವರೆಗೆ ಹೊರಳಾಟ. ಎಣ್ಣೆ ಬೇಗ ಕೆಡವುತ್ತದೆ, ಇಳಿಯುವಾಗ ಎಬ್ಬಿಸುತ್ತದೆ, ಕನಸು ಬೀಳುವ ನಿದ್ದೆಯನ್ನು ಕತ್ತರಿಸಿ ಹಾಕುತ್ತದೆ.

ಬಿಟ್ಟ ಮೇಲೆ ಆ ಕನಸುಗಳೆಲ್ಲ ಬಡ್ಡಿ ಸಮೇತ ವಾಪಸ್ ಬರುತ್ತವೆ. ನನಗೆ ಎರಡನೇ ವಾರ ಒಂದು ಕನಸು ಬಿತ್ತು: ಅಕ್ಕನ ಮಗಳ ಮದುವೆ, ಪೆಂಡಾಲ್ ಹಿಂದೆ ನಿಂತು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದೇನೆ, ಸೋಡಾ ಗ್ಯಾಸು ಮೂಗಿಗೆ ಹತ್ತಿದ್ದೂ ಗೊತ್ತಾಯಿತು. ಎದ್ದು ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಂಡೆ. ಏನೂ ಇರಲಿಲ್ಲ. ಬಿಟ್ಟವರಲ್ಲಿ ಬಹಳ ಜನಕ್ಕೆ ಇಂಥ ಕನಸು ಬೀಳುತ್ತದೆ. ಕನಸಲ್ಲಿ ಕುಡಿದಿದ್ದು ಲೆಕ್ಕಕ್ಕೆ ಬರಲ್ಲ, ಹೆದರಬೇಡಿ.

ಸರಿ, ಮಾಡಬೇಕಾದ್ದೇನು? ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ತಲೆಕೆಳಗಾಗಿ ಕಾಣುವ ಒಂದು ಉಪಾಯ. ನಿದ್ದೆ ಬರ್ತಿಲ್ಲ ಅಂತ ನಾವೇನು ಮಾಡುತ್ತೇವೆ? ಒಂಬತ್ತೂವರೆಗೇ ಹಾಸಿಗೆಗೆ ಬೀಳುತ್ತೇವೆ, ಬೆಳಿಗ್ಗೆ ಏಳಾದರೂ ಏಳುವುದಿಲ್ಲ, ಮಧ್ಯಾಹ್ನ ಊಟ ಆದ ಮೇಲೆ ಫ್ಯಾನ್ ಕೆಳಗೆ ಎರಡು ತಾಸು. ಒಟ್ಟು ಹನ್ನೊಂದೂವರೆ ತಾಸು ಹಾಸಿಗೆ, ನಿದ್ದೆ ನಾಲ್ಕೂವರೆ ತಾಸು. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೈಗೆ ರೂಢಿಯಾಗಿಬಿಡುತ್ತದೆ. ಅದಕ್ಕೇ ಕೂತಲ್ಲಿ ತೂಕಡಿಸುವವನು ಹಾಸಿಗೆಗೆ ಬಂದಕೂಡಲೇ ಕಣ್ಣು ಬಿಡುತ್ತಾನೆ.

ಉಲ್ಟಾ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆಯಿರಿ: ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟು ನಿದ್ದೆ, ಎಷ್ಟಕ್ಕೆ ಎದ್ದೆ. ನಿಜವಾದ ನಿದ್ದೆ ಐದು ತಾಸು ಬಂದರೆ, ಹಾಸಿಗೆಗೆ ಕೊಡುವ ಸಮಯವನ್ನೂ ಐದೂವರೆಗೆ ಇಳಿಸಿ. ನಾನು ಮೂರನೇ ವಾರದಿಂದ ರಾತ್ರಿ 12ಕ್ಕೆ ಮಲಗಿ 5:30ಕ್ಕೆ ಎದ್ದೆ. ಭಾನುವಾರವೂ ಅಷ್ಟೇ, ಹಿಂದಿನ ರಾತ್ರಿ ಕಣ್ಣು ಮುಚ್ಚಿರದಿದ್ದರೂ ಅಷ್ಟೇ. ಹನ್ನೆರಡರ ತನಕ ಎಚ್ಚರ ಇರೋದು ಶಿಕ್ಷೆ, ಗೋಡೆಗೆ ಒರಗಿದರೆ ಕಣ್ಣು ಎಳೆಯುತ್ತದೆ. ಆ ಎಳೆತವೇ ಬೇಕಾಗಿರೋದು. ಹಾಸಿಗೆಯಲ್ಲಿದ್ದ ಸಮಯದ ಮುಕ್ಕಾಲಿಗಿಂತ ಚೆನ್ನಾಗಿ ಜಾಸ್ತಿ, ಅಂದರೆ ನೂರಕ್ಕೆ ಎಂಬತ್ತೈದು ಭಾಗ ನಿದ್ದೆ ಬರೋಕೆ ಶುರುವಾದರೆ ವಾರಕ್ಕೆ 15 ನಿಮಿಷ ಸೇರಿಸುತ್ತಾ ಹೋಗಿ. ಐದು ತಾಸಿಗಿಂತ ಕೆಳಗೆ ಮಾತ್ರ ಇಳಿಸಬೇಡಿ. ಫಿಟ್ಸ್ ಇರುವವರು, ಲಾರಿ, ಟ್ರ್ಯಾಕ್ಟರ್ ಓಡಿಸುವವರು, ಹಟ್ಟಿ ಗಣಿಯಂಥ ಕಡೆ ಮಷಿನ್ ಮೇಲೆ ಕೆಲಸ ಮಾಡುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಹಗಲು ತೂಕಡಿಕೆ ಬರುತ್ತದೆ, ಅಲ್ಲಿ ತೂಕಡಿಸಿದರೆ ಮುಗೀತು. ಮೈ ನಡುಕ ನಿಂತಿಲ್ಲದ ಮೊದಲ ದಿನಗಳಲ್ಲೂ ಬೇಡ.

ಇದರ ಜೊತೆಗಿನ ಇನ್ನೊಂದು ನಿಯಮ: ಮಲಗಿ ಸುಮಾರು 20 ನಿಮಿಷ ಆದರೂ ನಿದ್ದೆ ಬರಲಿಲ್ಲ ಅಂದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮೊಬೈಲನ್ನು ಒಳಗೆ ಕಪಾಟಿನಲ್ಲಿಟ್ಟು ಬನ್ನಿ. ಎದ್ದು ಬೇಜಾರಿನ ಕೆಲಸ ಏನಾದರೂ ಮಾಡಿ. ನಾನು ಶೇಂಗಾ ಸುಲಿಯುತ್ತಿದ್ದೆ. ಮಂದ ದೀಪ, ಒಂದು ಮೊರ, ಒಂದು ಬೊಗಸೆ ಶೇಂಗಾ. ಅರ್ಧ ತಾಸಿಗೆ ಬೆರಳು ನಿಧಾನ ಆಗುತ್ತದೆ, ಆಗ ಹೋಗಿ ಮಲಗೋದು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮಾತ್ರ ಏನೂ ಕೊರತೆ ಆಗಲಿಲ್ಲ.

ಬೆಳಿಗ್ಗೆ ಎದ್ದಮೇಲೆ ಬಿಸಿಲಿಗೆ ಮುಖ ಕೊಡಿ. ನಮ್ಮೂರಲ್ಲಿ ಬಿಸಿಲಿಗೇನು ಬಡತನ? ಆಮ್ ತಲಾಬ್ ದಂಡೆಯಲ್ಲಿ ಆರು ಗಂಟೆಗೆ ಅರ್ಧ ತಾಸು ನಡೆದರೆ ಸಾಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರ ಸರಿಹೋಗುತ್ತದೆ.

ಚಹಾ ವಿಷಯ. ಎಣ್ಣೆ ಬಿಟ್ಟವರು ಚಹಾದ ಮೇಲೆ ಬೀಳುತ್ತಾರೆ, ನಾನೂ ದಿನಕ್ಕೆ ಹತ್ತು ಕಪ್ ದಾಟಿದ್ದೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯೋಕೇ ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದರೆ ಅರ್ಧ ಕಪ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಮಧ್ಯಾಹ್ನ ಎರಡಾದ ಮೇಲೆ ಮಜ್ಜಿಗೆ, ನಿಂಬೆ ಶರಬತ್ತು. ಗುಟ್ಕಾ, ಬೀಡಿಯೂ ಹೀಗೇ. ನಿಕೋಟಿನ್ ಎಬ್ಬಿಸುತ್ತದೆಯೇ ಹೊರತು ಮಲಗಿಸುವುದಿಲ್ಲ. ರಾತ್ರಿ ಊಟ ಮಾತ್ರ ತಪ್ಪಿಸಬೇಡಿ. ಕುಡಿಯುವಾಗ ಊಟ ಬಿಟ್ಟು ಬರೀ ಮಿರ್ಚಿ, ಮಂಡಕ್ಕಿಯಲ್ಲಿ ಮುಗಿಸುತ್ತಿದ್ದೆವಲ್ಲ, ಅದೇ ಚಾಳಿ ಮುಂದುವರಿದರೆ ನಡುರಾತ್ರಿ ಹೊಟ್ಟೆ ಎಬ್ಬಿಸುತ್ತದೆ. ಎಂಟಕ್ಕೇ ಒಂದೆರಡು ರೊಟ್ಟಿ, ಪಲ್ಯ, ಮೊಸರು. ಕುಡಿದವರ ಮೈಯಲ್ಲಿ ಬಿ1 ವಿಟಮಿನ್ ಇಳಿದಿರುವುದು ಸಾಮಾನ್ಯ, ಅದನ್ನು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ.

ಸೆಕೆಗೆ ಪುಸ್ತಕದ ಸಲಹೆ ನಮಗೆ ಒಗ್ಗಲ್ಲ. ‘ಕೋಣೆ ತಂಪಾಗಿರಲಿ’ ಅಂತಾರೆ. ಏಸಿ ಇಲ್ಲದವರು ಏನು ಮಾಡಬೇಕು? ಸೂರ್ಯ ಇಳಿದ ಮೇಲೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ಯಿರಿ, ಅದು ಆರಿದ ಮೇಲೆ ಇನ್ನೆರಡು. ಮಲಗುವುದಕ್ಕೆ ಒಂದು ತಾಸು ಮೊದಲು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಬೇಸಿಗೆಯಲ್ಲಿ ಬಿಸಿನೀರಾ ಅಂತ ನಗಬೇಡಿ, ಸ್ನಾನ ಆದ ಮೇಲೆ ಮೈಯ ಒಳಗಿನ ಶಾಖ ಹೊರಗೆ ಹೋಗುತ್ತದೆ, ಮೈ ತಣ್ಣಗಾಗುವಾಗಲೇ ನಿದ್ದೆ ಹತ್ತುವುದು. ಸೊಳ್ಳೆ ಪರದೆ ಕಟ್ಟಿ. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆ ಪಕ್ಕ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ.

ನಿದ್ದೆ ಮಾತ್ರೆ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ‘ಅರ್ಧ ಅಲ್ಪ್ರಾಜೋಲಮ್ ತಗೋ, ಏನಾಗಲ್ಲ’ ಅನ್ನುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ನನಗೂ ಇದ್ದ, ಅವನ ಜೇಬಿನಲ್ಲೇ ಸ್ಟ್ರಿಪ್ ಇತ್ತು. ಈ ಜಾತಿಯ ಮಾತ್ರೆ ಮಿದುಳಲ್ಲಿ ಎಣ್ಣೆ ಒತ್ತುವ ಬ್ರೇಕನ್ನೇ ಒತ್ತುತ್ತದೆ. ಆಸ್ಪತ್ರೆಯಲ್ಲಿ ಮೊದಲ ಕೆಲವು ದಿನ ಡಾಕ್ಟರು ಇಂಥದ್ದನ್ನು ಲೆಕ್ಕ ಹಾಕಿ ಕೊಟ್ಟು ಇಳಿಸುತ್ತಾರೆ, ಅದು ಬೇರೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗಿದರೆ ಒಂದು ಚಟ ಹೋಗಿ ಇನ್ನೊಂದು ಬರುತ್ತದೆ. ಮಾತ್ರೆ ನುಂಗಿದ ದಿನವೇ ಎಣ್ಣೆಯೂ ಹೋದರೆ ಉಸಿರೇ ನಿಲ್ಲಬಹುದು.

ಒಂದು ತಿಂಗಳಾದರೂ ಒಂದಿಷ್ಟೂ ಸುಧಾರಿಸದಿದ್ದರೆ, ಜೋರು ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದ ಹಾಗಾದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ವಿಮ್ಸ್ ಅಂತ ನಾವು ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ಮನೋವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅದಕ್ಕೆ ಮಂಗಳವಾರ ಇಟ್ಟಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎಣ್ಣೆ ನೆನಪಾದಾಗ ಬಾಟಲಿಗಿಂತ ಆ ನಂಬರ್ ಹತ್ತಿರ ಇರಲಿ.

ಕೊನೆಗೆ ಮನೆಯವರಿಗೆ ಒಂದು ಮಾತು. ನನ್ನ ಹೆಂಡತಿ ದಿನಾ ಬೆಳಿಗ್ಗೆ ‘ನಿದ್ದೆ ಬಂತಾ?’ ಅಂತ ಕೇಳುತ್ತಿದ್ದಳು. ಪ್ರೀತಿಯಿಂದಲೇ ಕೇಳೋದು. ಆದರೆ ರಾತ್ರಿ ಮಲಗುವಾಗಲೇ ಬೆಳಿಗ್ಗೆ ಏನು ಉತ್ತರ ಕೊಡಲಿ ಅಂತ ಎದೆ ಹೊಡೆದುಕೊಳ್ಳುತ್ತಿತ್ತು, ಪರೀಕ್ಷೆ ರಿಸಲ್ಟ್ ಇದ್ದ ಹಾಗೆ. ಕೇಳಬೇಡ ಮಾರಾಯ್ತಿ ಅಂದೆ. ಆಮೇಲೆ ಅವಳು ಏನೂ ಕೇಳದೆ ಶೇಂಗಾ ಮೊರವನ್ನು ಮಾತ್ರ ಇಣುಕಿ ನೋಡುತ್ತಿದ್ದಳು. ಸಿಪ್ಪೆ ಎಷ್ಟು ಬಿದ್ದಿದೆ ಅನ್ನೋದರ ಮೇಲೆ ಅವಳಿಗೆ ಲೆಕ್ಕ ಗೊತ್ತಾಗುತ್ತಿತ್ತು.