ಇಲಿಯ ಲಿವರ್‌ನಲ್ಲಿ ಎಎಂಪಿಕೆ ಆನ್ ಆಗಿದೆಯಾ ಅಂತ ನೋಡೋದು ಹೇಗೆ?

ಎಎಂಪಿಕೆ ಅಂದರೆ ಕೋಶದಲ್ಲಿ ಶಕ್ತಿ ಕಮ್ಮಿಯಾದಾಗ ಆನ್ ಆಗುವ ಒಂದು ಎನ್‌ಜೈಮ್. ಅದನ್ನು ನೋಡುವ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಕೈಕೊಟ್ಟರೆ ಎಲ್ಲರೂ ಮೊದಲು ಆಂಟಿಬಾಡಿಯನ್ನೇ ಬೈಯುತ್ತಾರೆ. ಎಡವಟ್ಟು ಆಗಿರೋದು ಸಾಮಾನ್ಯವಾಗಿ ಅದಕ್ಕೂ ಮೊದಲೇ, ಲಿವರ್ ತೆಗೆಯುವ ಹೊತ್ತಿನಲ್ಲಿ.

ಯಾಕೆ ಅಂದರೆ, ಈ ಎನ್‌ಜೈಮ್ ಕಾಯುತ್ತಾ ಕೂತಿರೋದೇ ಶಕ್ತಿ ಕಮ್ಮಿಯಾಗುವ ಗಳಿಗೆಗೆ. ಕೋಶದಲ್ಲಿ ಎಟಿಪಿ (ಕೋಶದ ಇಂಧನ) ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಏರಿದರೆ, ಆ ಎಎಂಪಿ ಎಎಂಪಿಕೆಯ ಗಾಮಾ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ಎಲ್‌ಕೆಬಿ1 ಎಂಬ ಇನ್ನೊಂದು ಎನ್‌ಜೈಮ್ ಆಲ್ಫಾ ಭಾಗದ ಥ್ರಿಯೋನಿನ್ 172ಕ್ಕೆ (172ನೇ ಸ್ಥಾನದ ಅಮೈನೋ ಆಮ್ಲ) ಫಾಸ್ಫೇಟ್ ಹಚ್ಚುತ್ತದೆ, ಎಎಂಪಿಕೆ ಚುರುಕಾಗುತ್ತದೆ, ಕೊಬ್ಬು-ಕೊಲೆಸ್ಟ್ರಾಲ್ ತಯಾರಿ ತಗ್ಗಿ ಕೊಬ್ಬು ಸುಡೋದು ಜಾಸ್ತಿಯಾಗುತ್ತದೆ. ಹಸಿವು, ಓಟ, ಆಕ್ಸಿಜನ್ ಕೊರತೆ, ಎಲ್ಲದಕ್ಕೂ ಇದೇ ದಾರಿ. ಈಗ ಯೋಚಿಸಿ: ರಕ್ತ ನಿಂತ ಕೂಡಲೇ ಲಿವರ್‌ಗೆ ಆಕ್ಸಿಜನ್ ಇಲ್ಲ. ನೀವು ಕತ್ತರಿ ಹುಡುಕುವಷ್ಟರಲ್ಲಿ ಹೊಟ್ಟೆ ತುಂಬಿದ ಇಲಿಯ ಲಿವರ್ ಕೂಡ ಉಪವಾಸವಿದ್ದ ಇಲಿಯದರಂತೆ ಕಾಣಲು ಶುರುವಾಗುತ್ತದೆ, ಅಲ್ವಾ?

ಹಾಗಾಗಿ ಎಥಿಕ್ಸ್ ಕಮಿಟಿಯ ಅನುಮತಿಯಲ್ಲೇ ಅನಸ್ತೇಸಿಯಾ ಕೊಟ್ಟು, ರಕ್ತ ಹರಿಯುತ್ತಿರುವಾಗಲೇ ಲಿವರ್ ಹಿಡಿಯಿರಿ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮುಳುಗಿಸಿಟ್ಟ ಅಲ್ಯೂಮಿನಿಯಂ ಇಕ್ಕಳದಿಂದ ಒತ್ತಿಬಿಡಿ, ಚಪ್ಪಟೆಯಾಗಿ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಬರೀ ಟ್ಯೂಬಿಗೆ ಹಾಕಿ ನೈಟ್ರೋಜನ್‌ಗೆ ಎಸೆದರೆ ಒಳಭಾಗ ತಡವಾಗಿ ತಣ್ಣಗಾಗುತ್ತದೆ, ಅದನ್ನು ನಂಬಬೇಡಿ. ಆಮೇಲೆ ಮೈನಸ್ 80 ಡಿಗ್ರಿಯಲ್ಲಿ ಇಡಿ. ಪುಡಿ ಮಾಡುವಾಗ ಕರಗಲು ಬಿಡಬೇಡಿ, ತಣ್ಣನೆಯ ಒರಳಿನಲ್ಲಿ ಕುಟ್ಟಿ, ಪುಡಿಯನ್ನು ನೇರ ಬಫರ್‌ಗೆ ಹಾಕಿ. ಬಫರ್‌ನಲ್ಲಿ ಸೋಡಿಯಂ ಫ್ಲೋರೈಡ್, ಪೈರೋಫಾಸ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಫಾಸ್ಫಟೇಸ್‌ಗಳು ಇದ್ದಬದ್ದ ಫಾಸ್ಫೇಟನ್ನೂ ಕಿತ್ತುಹಾಕುತ್ತವೆ.

ಬ್ಲಾಟ್‌ನಲ್ಲಿ ಥ್ರಿಯೋನಿನ್ 172 ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ನಾನು ಹೆಚ್ಚು ನಂಬೋದು ಎಸಿಸಿಯ (ಕೊಬ್ಬು ತಯಾರಿಸುವ ಎನ್‌ಜೈಮ್) ಸೆರೀನ್ 79ನ್ನು, ಯಾಕೆಂದರೆ ಅಲ್ಲಿನ ಫಾಸ್ಫೇಟ್ ಎಎಂಪಿಕೆ ಮಾಡಿದ ಕೆಲಸದ ಗುರುತು. ಎಎಂಪಿಕೆ ಆಲ್ಫಾ 62 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ, ಎಸಿಸಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಒಂದೇ ಹತ್ತು ಪರ್ಸೆಂಟ್ ಜೆಲ್‌ನಲ್ಲಿ ಎರಡನ್ನೂ ಓಡಿಸಲು ಹೋದರೆ ಎಸಿಸಿ ಮೇಲೆಯೇ ಕೂತುಬಿಡುತ್ತದೆ, ಮೆಂಬ್ರೇನ್‌ಗೂ ಸರಿಯಾಗಿ ಇಳಿಯುವುದಿಲ್ಲ. ಗ್ರೇಡಿಯಂಟ್ ಜೆಲ್ (ಮೇಲಿನಿಂದ ಕೆಳಕ್ಕೆ ದಟ್ಟವಾಗುತ್ತಾ ಹೋಗುವ ಜೆಲ್) ಬಳಸಿ, ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ಟ್ರಾನ್ಸ್‌ಫರ್‌ಗೆ ಬಿಡಿ. ಬ್ಲಾಕ್ ಮಾಡಲು (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು) ಹಾಲಿನ ಪುಡಿ ಬೇಡ, ಅದರ ಕೇಸೀನ್ ಪ್ರೋಟೀನ್‌ನಲ್ಲೇ ಫಾಸ್ಫೇಟ್ ತುಂಬಿರುತ್ತದೆ, ಬಿಎಸ್‌ಎ (ಹಸುವಿನ ರಕ್ತದ ಆಲ್ಬ್ಯುಮಿನ್) ಹಾಕಿ. ಒಟ್ಟು ಎಸಿಸಿ ನೋಡಲು ಬಯೋಟಿನ್‌ಗೆ ಅಂಟುವ ಸ್ಟ್ರೆಪ್ಟಾವಿಡಿನ್ ಸಾಕು. ಎಸಿಸಿಗೆ ಬಯೋಟಿನ್ ಹುಟ್ಟಾ ಅಂಟಿಕೊಂಡೇ ಇರುತ್ತದೆ.

ಪಾಸಿಟಿವ್ ಕಂಟ್ರೋಲ್‌ಗೆ ಐಕಾರ್ (ಎಎಂಪಿಕೆ ಆನ್ ಮಾಡುವ ರಾಸಾಯನಿಕ) ಕೊಟ್ಟ ಕೋಶಗಳ ಒಂದು ಲೇನ್ ಇರಲಿ. ಅದರಲ್ಲೂ ಬ್ಯಾಂಡ್ ಬರದಿದ್ದರೆ ಆಗ ಬೇಕಾದರೆ ಆಂಟಿಬಾಡಿ ಬೈಯಿರಿ. ಇನ್ನು ಎಎಂಪಿಕೆ ತಡೆಯುವ ಕಾಂಪೌಂಡ್ ಸಿ ಹಾಕಿ ಪರಿಣಾಮ ಹೋಯಿತು, ಆದ್ದರಿಂದ ಇದು ಎಎಂಪಿಕೆ ಕೆಲಸವೇ ಅಂತ ಸುಮ್ನೆ ಬರೆಯಬೇಡಿ, ಅದು ಬೇರೆ ಎಷ್ಟೋ ಕೈನೇಸ್‌ಗಳನ್ನೂ (ಫಾಸ್ಫೇಟ್ ಹಚ್ಚುವ ಎನ್‌ಜೈಮ್‌ಗಳು) ತಡೆಯುತ್ತದೆ. ಎಎಂಪಿಕೆಯ ಆಲ್ಫಾ ಭಾಗದ ಎರಡು ರೂಪಗಳಾದ ಆಲ್ಫಾ 1, ಆಲ್ಫಾ 2 ಎರಡರ ಜೀನನ್ನೂ ತೆಗೆದ ಕೋಶ ಸಿಕ್ಕರೆ ಅದರಲ್ಲೇ ನೋಡಿ. ಒಂದನ್ನು ಮಾತ್ರ ತೆಗೆದರೆ ಇನ್ನೊಂದು ಅದರ ಕೆಲಸವನ್ನೂ ತಾನೇ ನಡೆಸಿಬಿಡಬಹುದು.